ಏಳನೆಯ ವರ್ಷದ ಮಾತು

ಆ ಊರಿಗೆ ಹೋಗುವ ದಾರಿ ಕೇಳಬೇಡಿ, ನನಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಅಲ್ಲಿ ಒಬ್ಬರ ಬಾವಿಯ ನೀರನ್ನು ಇನ್ನೊಬ್ಬರು ಕುಡಿಯುತ್ತಿರಲಿಲ್ಲ. ಹೊಸದಾಗಿ ಒಲೆ ಹೂಡಿದವರಿಗೆ ಹೊಸ ಬಾವಿಯೇ ಆಗಬೇಕು. ಮದುವೆಗಳು ನಿಲ್ಲುವುದಿಲ್ಲವಲ್ಲ, ಹಾಗಾಗಿ ತೋಡುವುದೂ ನಿಲ್ಲುತ್ತಿರಲಿಲ್ಲ. ಊರಿನ ಪಡುವಣ ಅಂಚಿನಲ್ಲಿ, ಹೊಳೆಗೆ ಬೆನ್ನು ಮಾಡಿಕೊಂಡು, ಬಾವಿ ತೋಡುವವರ ಕೇರಿ ಇತ್ತು.

ಆ ಕೇರಿಗೆ ಎರಡು ಮಾತು. ನೆಲದ ಮೇಲೆ ಮೇಲ್ಮಾತು, ನೆಲದ ಕೆಳಗೆ ಕೆಳಮಾತು. ಮೇಲ್ಮಾತು ಎಂದರೆ ನೀವು ನಾನು ಆಡುವಂಥದ್ದೇ. ಉಪ್ಪು ಕೇಳುವುದಕ್ಕೆ, ಜಗಳ ಆಡುವುದಕ್ಕೆ, ಮಕ್ಕಳನ್ನು ಗದರುವುದಕ್ಕೆ ಸಾಕಾಗುವಂಥದ್ದು. ಕೆಳಮಾತಿನಲ್ಲಿ ಇದ್ದದ್ದು ನಲವತ್ತೇ ನಲವತ್ತು ಪದ. ಮೊದಮೊದಲು ಬಾವಿ ತೋಡಿದ ಯಾರೋ ಪುಣ್ಯಾತ್ಮರು ಅದನ್ನು ಕಟ್ಟಿದ್ದರು. ಇಪ್ಪತ್ತಾಳು ಆಳದಿಂದ ಕೂಗಿದರೆ ಉದ್ದದ ಮಾತು ಗೋಡೆಗೆ ಬಡಿದು ಬಡಿದು ಮೇಲೆ ಬರುವಷ್ಟರಲ್ಲಿ ಕಲಸಿಹೋಗುತ್ತದೆ. ಎರಡೇ ಅಕ್ಷರ, ಬಾಯ್ತುಂಬ ಎಳೆದು ಕೂಗುವ ಅಕ್ಷರ ಆದರೆ ಸೀದಾ ಮೇಲೆ ಬರುತ್ತದೆ. ಕೆಳಗಿದ್ದವನು ಬದುಕಲಿ ಎಂದು ಹುಟ್ಟಿದ ಮಾತು ಅದು. ಆಮೇಲೆ ಅದಕ್ಕೆ ಹಿರಿಯರು ಹುಟ್ಟಿಕೊಂಡರು.

ಹಿರಿಯರು ಎಂದರೆ ಐದು ಜನ. ಯಾರಿಗೆ ಯಾವ ಪದ ಯಾವಾಗ ಕೊಡಬೇಕು ಎಂಬುದು ಅವರ ಕೈಯಲ್ಲಿತ್ತು. ಬಾವಿಗೆ ಹೊಸದಾಗಿ ಇಳಿಯುವವನ ಹಣೆಗೆ ಹಸಿಮಣ್ಣು ಹಚ್ಚಿ, ಕಿವಿಯಲ್ಲಿ ಮೂರು ಪದ ಉಸುರುತ್ತಿದ್ದರು. ಗೂವಾ ಎಂದರೆ ಬುಟ್ಟಿ ಇಳಿಸಿ. ಈಮಾ ಎಂದರೆ ಬುಟ್ಟಿ ಎಳೆಯಿರಿ. ಆನೋ ಎಂದರೆ ಸ್ವಲ್ಪ ತಡೆಯಿರಿ. ಮೊದಲ ವರ್ಷ ಇಷ್ಟೇ. ಆಮೇಲೆ ವರ್ಷಕ್ಕಿಷ್ಟು ಎಂದು ಬಂಡೆಗೆ ಒಂದು, ಸೆಲೆಗೆ ಒಂದು, ಹಾವಿಗೆ ಒಂದು ಕೊಡುತ್ತಾ ಬರುತ್ತಿದ್ದರು. ಗೋಡೆ ಕುಸಿಯುತ್ತಿದೆ, ನನ್ನನ್ನು ಮೇಲಕ್ಕೆಳೆಯಿರಿ ಎಂಬುದಕ್ಕೂ ಒಂದು ಪದ ಇತ್ತು. ಯೂಲಾ. ಅದನ್ನು ಕೊಡುತ್ತಿದ್ದದ್ದು ಏಳನೆಯ ವರ್ಷದಲ್ಲಿ. ಅಪಾಯದ ಹೆಸರು ಗೊತ್ತಾದವನಿಗೆ ಎಲ್ಲೆಲ್ಲೂ ಅಪಾಯವೇ ಕಾಣುತ್ತದೆ, ಅವನ ಗುದ್ದಲಿ ಏಳುವುದಿಲ್ಲ ಎಂದು ಹಿರಿಯರ ಅಂಬೋಣ. ಅವರಲ್ಲಿ ಯಾರೊಬ್ಬರೂ ಬಾವಿಗೆ ಇಳಿದು ಇಪ್ಪತ್ತು ವರ್ಷವಾಗಿತ್ತು, ಆ ಮಾತು ಬೇರೆ.

ಇದಕ್ಕೆಲ್ಲ ಮೇಲೆ ಒಂದು ಕಟ್ಟಳೆ: ಕೊಡದ ಮಾತು ಕೇಳಿಸದು. ಯಾರಿಗೆ ಯಾವ ಪದ ಕೊಟ್ಟಿಲ್ಲವೋ ಅವನು ಅದನ್ನು ಗಂಟಲು ಹರಿಯುವಂತೆ ಕೂಗಿದರೂ ಅದು ಶಬ್ದವೇ ಅಲ್ಲ, ಗಾಳಿ.

ಬಾವಿಯ ಬಾಯಲ್ಲಿ ಒಂದು ಕಲ್ಲಿನ ಮೇಲೆ ಕೇಳುವಾತ ಕೂರುತ್ತಿದ್ದ. ಕೆಳಗಿನಿಂದ ಬಂದ ಪದ ಕೇಳಿ ಚಪ್ಪಾಳೆ ತಟ್ಟುವುದು ಅವನ ಕೆಲಸ. ಒಂದು ಚಪ್ಪಾಳೆಗೆ ಬುಟ್ಟಿಯ ಹಗ್ಗ, ಎರಡು ಚಪ್ಪಾಳೆಗೆ ಆಳಿನ ಹಗ್ಗ. ಆಳಿನ ಹಗ್ಗ ದಪ್ಪದ್ದು, ಕೆಳಗಿದ್ದವನ ಸೊಂಟಕ್ಕೆ ಬಿಗಿದಿದ್ದು. ಎರಡನ್ನೂ ಎಳೆಯುವವರು ಆರು ಜನ ಹೆಂಗಸರು. ಹೆಂಗಸರಿಗೆ ಕೆಳಮಾತು ಇಲ್ಲ. ಅವರಿಗೆ ಚಪ್ಪಾಳೆ ಮಾತ್ರ.

ಈ ಆರು ಜನರಲ್ಲಿ ಒಬ್ಬಳ ಕಥೆ ಇದು. ಹಗ್ಗದವಳು ಎನ್ನೋಣ. ಸಾಲಿನಲ್ಲಿ ಅವಳದು ಮೂರನೆಯ ಜಾಗ. ಹನ್ನೊಂದು ವರ್ಷ ಅಲ್ಲೇ ನಿಂತಿದ್ದಳು. ಈಮಾ ಎಂದು ಕೂಗಿದಾಗಲೆಲ್ಲ ಬುಟ್ಟಿ ಮೇಲೆ ಬರುವುದನ್ನು ಹನ್ನೊಂದು ವರ್ಷ ನೋಡಿದವಳಿಗೆ ಈಮಾ ಎಂದರೇನು ಎಂದು ತಿಳಿಯದಿರುತ್ತದೆಯೇ? ಎರಡನೆಯ ವರ್ಷಕ್ಕೆ ಹತ್ತು ಪದ, ಐದನೆಯ ವರ್ಷಕ್ಕೆ ಮೂವತ್ತು. ಈಗ ನಲವತ್ತೂ ಅವಳೊಳಗೆ ಇದ್ದವು. ಕದ್ದವಳಲ್ಲ ಪಾಪ, ಅವೇ ಬಂದು ಕೂತಿದ್ದವು. ಕಿವಿಗೆ ಬಾಗಿಲು ಹಾಕಿಕೊಳ್ಳುವುದು ಯಾರಿಂದ ಆಗುತ್ತದೆ?

ಆದರೆ ತಿಳಿದದ್ದು ತಿಳಿಯಬಾರದಿತ್ತು. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಬಿಂದಿಗೆ ಶಾಸ್ತ್ರ ನಡೆಯುತ್ತಿತ್ತು. ಆರೂ ಹೆಂಗಸರು ಸಾಲಾಗಿ, ತಲೆಯ ಮೇಲೆ ಕಂಠಮಟ್ಟ ನೀರು ತುಂಬಿದ ಬಿಂದಿಗೆ ಹೊತ್ತು, ಕೈ ಬಿಟ್ಟು ನಿಲ್ಲಬೇಕು. ಕೇಳುವಾತ ಬರಿಗಾಲಲ್ಲಿ ಅವರ ಬೆನ್ನ ಹಿಂದೆ ನಡೆಯುತ್ತಾನೆ. ಎಲ್ಲೋ ಒಂದು ಕಡೆ ನಿಂತು, ಕಿವಿಯ ಹತ್ತಿರ ಬಗ್ಗಿ, ಒಂದು ಪದ ಹೇಳುತ್ತಾನೆ. ನಿನ್ನ ಕಾಲ ಬಳಿ ಹಾವಿದೆ ಎಂಬ ಪದ. ನಿನ್ನವನ ಮೇಲೆ ಕಲ್ಲು ಬಿತ್ತು ಎಂಬ ಪದ. ನೀರು ತುಳುಕಿತೋ, ಅವಳಿಗೆ ಅರ್ಥವಾಯಿತು ಎಂದು ಲೆಕ್ಕ. ಅರ್ಥವಾದವಳಿಗೆ ಹೊಳೆಯಾಚೆಯ ದಾರಿ. ಅವಳ ಮನೆಯ ಗಂಡಸರು ಮತ್ತೆ ಗುದ್ದಲಿ ಮುಟ್ಟುವ ಹಾಗಿಲ್ಲ.

ಹಗ್ಗದವಳ ಬಿಂದಿಗೆ ಒಮ್ಮೆಯೂ ತುಳುಕಿರಲಿಲ್ಲ. ಅದಕ್ಕಾಗಿ ಅವಳು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಒಲೆಯ ಮುಂದೆ ಕೂತು ಮನಸ್ಸಿನೊಳಗೇ ಹಾವು ಎಂದುಕೊಳ್ಳುವುದು, ಮುಖ ಕದಲದೆ ರೊಟ್ಟಿ ತಟ್ಟುವುದು. ಕಲ್ಲು ಬಿತ್ತು ಎಂದುಕೊಳ್ಳುವುದು, ರೊಟ್ಟಿ ತಿರುವಿ ಹಾಕುವುದು. ಬರುಬರುತ್ತಾ ಅವಳ ಮುಖಕ್ಕೆ ನಿಜವಾದ ಸುದ್ದಿಯೂ ತಟ್ಟದ ಹಾಗಾಯಿತು. ತವರಿನಿಂದ ತಾಯಿ ಹೋದಳೆಂದು ಹೇಳಿಕಳಿಸಿದಾಗಲೂ ಬಂದವನಿಗೆ ಅವಳು ಮೊದಲು ನೀರು ಕೊಟ್ಟಳು. ಉಳಿದ ಐವರೂ ಮರದ ಬೊಂಬೆಗಳ ಹಾಗೆ ನಿಲ್ಲುವುದನ್ನು ನೋಡಿ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಎಷ್ಟು ಹಾಯಾಗಿದ್ದಾರೆ ಇವರು, ಏನೂ ಗೊತ್ತಿಲ್ಲದೆ, ಎಂದುಕೊಳ್ಳುತ್ತಿದ್ದಳು.

ಹೋದ ವರ್ಷ ಒಂದು ಬಾವಿಯಲ್ಲಿ ಮೂರನೆಯ ವರ್ಷದವನೊಬ್ಬ ತೋಡುತ್ತಿದ್ದ. ಸಾಲಿನ ಮೊದಲ ಜಾಗದಲ್ಲಿ ನಿಲ್ಲುವ ಮುದುಕಿಯ ಒಬ್ಬನೇ ಮಗ. ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಈಮಾ ಎಂದ. ಕೇಳುವಾತ ಒಂದು ಚಪ್ಪಾಳೆ ತಟ್ಟಿದ. ಬುಟ್ಟಿ ಮೇಲೆ ಬಂತು, ಖಾಲಿ. ಇಳಿಸಿದರು. ಈಮಾ, ಈಮಾ ಎಂದ. ಮತ್ತೆ ಎಳೆದರು, ಮತ್ತೆ ಖಾಲಿ. ಇವನಿಗೇನು ತಲೆ ಕೆಟ್ಟಿದೆಯೇ ಎಂದು ಕೇಳುವಾತ ಗೊಣಗಿದ. ಕೆಳಗಿದ್ದವನ ಹತ್ತಿರ ಎಳೆಯಿರಿ ಎನ್ನುವುದಕ್ಕೆ ಇದ್ದದ್ದು ಅದೊಂದೇ ಪದ, ಬುಟ್ಟಿಯ ಪದ. ಅದನ್ನೇ ಅವನು ಕೂಗುತ್ತಲೇ ಇದ್ದ. ಅವರು ಬುಟ್ಟಿ ಎಳೆಯುತ್ತಲೇ ಇದ್ದರು. ಹತ್ತನೆಯ ಸಲಕ್ಕೆ ಕೂಗು ಬರಲಿಲ್ಲ. ಬಾವಿ ಇಟ್ಟುಕೊಂಡಿತು ಎಂದರು ಹಿರಿಯರು. ಆ ಕೇರಿಯಲ್ಲಿ ಸಾವಿಗೆ ಹಾಗೆನ್ನುವುದು ವಾಡಿಕೆ. ಹನ್ನೆರಡನೆಯ ದಿನ ಮುದುಕಿ ಬಂದು ಹಗ್ಗ ಹಿಡಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ.

ಮುದುಕಿಯ ಮಗನ ಜಾಗಕ್ಕೆ ಇನ್ನೊಬ್ಬರು ಬೇಕಾಯಿತು. ಅಲ್ಲಿಯವರೆಗೆ ಮಣ್ಣು ಹೊರುತ್ತಿದ್ದ ಹಗ್ಗದವಳ ಗಂಡನನ್ನು ಕರೆದರು. ಅವನು ಹಣೆಗೆ ಹಸಿಮಣ್ಣು ಹಚ್ಚಿಸಿಕೊಂಡು, ಮದುವಣಿಗನ ಹಾಗೆ ನಗುತ್ತಾ ಮನೆಗೆ ಬಂದ.

"ಮೂರು ಮಾತು ಕೊಟ್ರು ಕಣೇ," ಎಂದ, ಜಗಲಿಯ ಮೇಲೆ ಕೂರುತ್ತಾ. "ನಿಂಗೆ ಹೇಳೋ ಹಂಗಿಲ್ಲ. ಹೇಳಿದ್ರೂ ನಿಂಗೆ ತಿಳಿಯಾಕಿಲ್ಲ ಬಿಡು."

ಹಗ್ಗದವಳು ಅವನ ಮುಂದೆ ಗಂಜಿ ಇಟ್ಟಳು. ಅವಳಿಗೆ ಕೇಳಿಸುತ್ತಿದ್ದದ್ದು ಒಂದೇ: ಈಮಾ, ಈಮಾ, ಈಮಾ.

ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ. ಅವನನ್ನು ಹಗ್ಗ ಕಟ್ಟಿ ಇಳಿಸುವಾಗ ಅವಳ ಕೈಯೂ ಆ ಹಗ್ಗದ ಮೇಲಿರುತ್ತಿತ್ತು. ತಾನೇ ಇಳಿಸುತ್ತಿದ್ದೇನೆ, ತಾನೇ ಇಳಿಸುತ್ತಿದ್ದೇನೆ ಎಂದು ಅಂಗೈ ಸುಡುತ್ತಿತ್ತು. ದಿನವಿಡೀ ಬಾವಿಯ ಬಾಯಿಯನ್ನು ನೋಡದೆ ಬಾವಿಯ ಬಾಯಿಯನ್ನೇ ಕೇಳುತ್ತಾ ನಿಲ್ಲುವಳು. ಸಂಜೆ ಕೆಲಸ ಮುಗಿಯುವ ಹೊತ್ತಿಗೆ ಕೇಳುವಾತ ತಾನಾಗಿ ಎರಡು ಚಪ್ಪಾಳೆ ತಟ್ಟಿ, ಅವನ ತಲೆ ಅಂಚಿನಲ್ಲಿ ಕಾಣಿಸಿದಾಗ ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಮುಖ ಮಾತ್ರ ಬೊಂಬೆಯ ಮುಖವೇ. ನಾಲ್ಕು ತಿಂಗಳು ಹೀಗೆ ನಡೆಯಿತು. ಬಾವಿ ಹದಿನೈದಾಳು ಇಳಿಯಿತು. ಬುಟ್ಟಿಯಲ್ಲಿ ಕೆಮ್ಮಣ್ಣು ನಿಂತು ಮರಳು ಬರತೊಡಗಿತು. ಮರಳಿನ ಗೋಡೆ ಬಹಳ ದಿನ ನಿಲ್ಲುವುದಿಲ್ಲ; ಮರಳು ನೋಡಿದ ದಿನ ಅವಳು ತೀರ್ಮಾನ ಮಾಡಿದಳು.

ಬಟ್ಟೆ ಒಗೆಯುವ ನೆಪ ಹೂಡಿ ಗಂಡನನ್ನು ಹೊಳೆಗೆ ಕರೆದುಕೊಂಡು ಹೋದಳು. ಕಲ್ಲಿನ ಮೇಲೆ ಕಂಬಳಿ ಎತ್ತಿ ಬಡಿದಳು. ಬಡಿತದ ಸದ್ದು ಆಚೆ ದಡದವರೆಗೆ ಹೋಯಿತು. ಆ ಸದ್ದಿನೊಳಗೆ ಬಾಯಿ ಬಿಟ್ಟಳು.

"ಯೂಲಾ ಅನ್ನು."

ಗಂಡ ಬಾಯಿ ಕಳೆದು ನೋಡಿದ. "ಏನೇ ಅದು?"

"ಏಳನೇ ವರ್ಷದ ಮಾತು. ನನ್ನ ಮೇಲಕ್ಕೆ ಎಳೀರಿ ಅಂತ." ಕಂಬಳಿ ಮತ್ತೆ ಬಡಿದಳು. "ಹೇಳು."

"ನಿಂಗೆ ಹೆಂಗೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವನ ಮುಖ ಬೆಳ್ಳಗಾಯಿತು. "ಎಷ್ಟು ಗೊತ್ತು ನಿಂಗೆ?"

"ಅದೆಲ್ಲ ಈಗ್ಯಾಕೆ? ಹೇಳು ಅಂದ್ರೆ ಹೇಳು."

"ಅವ್ರು ನಂಗೆ ಅದು ಕೊಟ್ಟಿಲ್ಲ ಕಣೇ. ಕೊಡದೇ ಇರೋದು ಕೂಗಿದ್ರೆ ಕೇಳುವಾತ ಚಪ್ಪಾಳೆ ತಟ್ಟಾಕಿಲ್ಲ. ಯಾರು ಕೊಟ್ರು ಅಂತ ಆಮೇಲೆ ಕೇಳ್ತಾರೆ. ನೀನು ಹೊಳೆ ದಾಟಬೇಕಾಗ್ತದೆ."

"ಅವ್ರು ಕೇಳೋಕೆ ನೀನು ಬದುಕಿ ಮೇಲೆ ಬಂದಿದ್ರೆ ತಾನೆ?" ಎಂದಳು ಹಗ್ಗದವಳು. ಅವಳ ಧ್ವನಿ ಒಡೆದದ್ದನ್ನು ಹನ್ನೊಂದು ವರ್ಷದಲ್ಲಿ ಅವನು ಕೇಳಿದ್ದು ಅದೇ ಮೊದಲು. "ಮುದುಕಿ ಮಗ ಒಂಬತ್ತು ಸಲ ಬುಟ್ಟಿ ಕೇಳಿದ. ನಾವು ಒಂಬತ್ತು ಸಲ ಕೊಟ್ವಿ. ನಾನು ಅಲ್ಲೇ ನಿಂತಿದ್ದೆ. ನಂಗೆ ಗೊತ್ತಿತ್ತು."

ಗಂಡ ಆಚೆ ದಡದ ಕಡೆ ಒಮ್ಮೆ ನೋಡಿದ. ಆಮೇಲೆ ತಾನೂ ಕಂಬಳಿಯ ಒಂದು ತುದಿ ಹಿಡಿದು ಬಡಿಯುತ್ತಾ, ಪಿಸುಮಾತಿನಲ್ಲಿ ಆ ಎರಡಕ್ಷರ ಹೇಳಿದ. ತಪ್ಪಾಯಿತು. ತಿದ್ದಿದಳು. ಮತ್ತೆ ಹೇಳಿದ. ಸಾಯುವ ಹೊತ್ತು ಬಂದರೆ ಮಾತ್ರ, ಬೇರೆ ಯಾವತ್ತೂ ಇಲ್ಲ ಎಂದು ಅವನಿಂದ ಆಣೆ ಹಾಕಿಸಿಕೊಂಡಳು.

ಆ ಹೊತ್ತು ಬರಲು ಎಂಟು ದಿನ ಹಿಡಿಯಿತು.

ಬಿಸಿಲು ನೆತ್ತಿಗೆ ಬಂದಿತ್ತು. ಕೇಳುವಾತ ಕಲ್ಲಿನ ಮೇಲೆ ಕಾಲು ಮಡಚಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಆರೂ ಹೆಂಗಸರು ಹಗ್ಗ ಹಿಡಿದು ನಿಂತಿದ್ದರು. ಕೆಳಗಿನಿಂದ ಗುದ್ದಲಿಯ ಸದ್ದು ಬರುತ್ತಿತ್ತು. ಅದು ಒಂದು ಸಲ ನಿಂತಿತು. ಒಂದು ಬುಟ್ಟಿ ಮರಳು ಸುರಿದಂಥ ಸದ್ದಾಯಿತು. ಆಮೇಲೆ ಬಾವಿಯ ಬಾಯಿಂದ ಸ್ಪಷ್ಟವಾಗಿ, ಒಂದಿಷ್ಟೂ ಕಲಸದೆ, ಆ ಮಾತು ಬಂತು.

"ಯೂಲಾ!"

ಕೇಳುವಾತನ ಕೈ ಅಡಿಕೆಯ ಹೋಳನ್ನು ಹಿಡಿದು ಬಾಯಿಯ ಹತ್ತಿರ ನಿಂತಿತು. ಅವನು ಬಾವಿಯ ಕಡೆ ನೋಡಿದ. ಹೆಂಗಸರ ಕಡೆ ನೋಡಿದ. ಅವನಿಗೂ ಬೆವರಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೂಗಿದವನು ಮೊದಲ ವರ್ಷದವನು. ಅವನಿಗೆ ಆ ಪದ ಇಲ್ಲ. ಇಲ್ಲದ್ದಕ್ಕೆ ಚಪ್ಪಾಳೆ ತಟ್ಟಿದರೆ ನಾಳೆ ತನ್ನ ಕಲ್ಲಿನ ಮೇಲೆ ಬೇರೆಯವನು ಕೂರುತ್ತಾನೆ. ಕೇಳುವಾತ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಏನೋ ಗಾಳಿ," ಎಂದ.

"ಯೂಲಾ! ಯೂಲಾ!"

ಹಗ್ಗದವಳ ಮುಖ ಕದಲಲಿಲ್ಲ. ಇದು ಅವಳಿಗೇ ಭಯಂಕರವಾಗಿ ಕಂಡಿತು. ಒಳಗೆ ಎದೆ ಒಡೆಯುತ್ತಿದೆ, ಹೊರಗೆ ಒಂದು ರೆಪ್ಪೆಯೂ ಅಲ್ಲಾಡುತ್ತಿಲ್ಲ. ಕಲಿತದ್ದು ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಳು. ಎಳೆಯಬೇಕು. ಒಬ್ಬಳೇ ಎಳೆದರೆ ದಪ್ಪ ಹಗ್ಗ ಒಂದು ಗೇಣೂ ಏಳುವುದಿಲ್ಲ. ಆರು ಜನ ಬೇಕು. ಐವರಿಗೆ ಏನೂ ಗೊತ್ತಿಲ್ಲ, ಐವರೂ ಬೊಂಬೆಗಳು. ಅವರಿಗೆ ಹೇಗೆ ಹೇಳಲಿ, ಹೇಳುವಷ್ಟು ಹೊತ್ತು ಎಲ್ಲಿದೆ ಎಂದು ತಲೆ ತಿರುಗಿ ಅವಳು ನೆಲ ನೋಡಿದಳು.

ನೆಲದ ಮೇಲೆ ಹನ್ನೆರಡು ಪಾದಗಳಿದ್ದವು. ಹನ್ನೆರಡೂ ಮಣ್ಣಿಗೆ ಹೂತಿದ್ದವು.

ಮುಖಗಳು ಹೇಗಿದ್ದವೋ ಹಾಗೇ ಇದ್ದವು. ಆದರೆ ಹಿಮ್ಮಡಿಗಳು ನೆಲ ಕಚ್ಚಿದ್ದವು, ಬೆರಳುಗಳು ಮಡಿಚಿದ್ದವು, ಮುದುಕಿಯ ಕಾಲಂತೂ ಗಿಣ್ಣಿನವರೆಗೆ ಇಳಿದಿತ್ತು. ಬಿಂದಿಗೆ ಶಾಸ್ತ್ರ ಕಲಿಸಿದ್ದು ತಲೆಗೆ, ಮುಖಕ್ಕೆ, ಕುತ್ತಿಗೆಗೆ. ಕಾಲುಗಳನ್ನು ಯಾರೂ ನೋಡಿರಲಿಲ್ಲ. ಆರೂ ಜನ ಚಪ್ಪಾಳೆಗೆ ಮೊದಲೇ ಎಳೆಯಲು ನಿಂತಿದ್ದರು. ಆರೂ ಜನರಿಗೆ ಗೊತ್ತಿತ್ತು. ಎಷ್ಟು ವರ್ಷಗಳಿಂದಲೋ ಏನೋ, ಒಬ್ಬರ ಪಕ್ಕ ಒಬ್ಬರು ನಿಂತು, ತನಗೊಬ್ಬಳಿಗೇ ಗೊತ್ತು ಎಂದು ನಡುಗುತ್ತಾ ಇದ್ದರು.

ಹಗ್ಗದವಳು ತಲೆ ಎತ್ತಿ, ನೆಲದ ಮೇಲೆ ನಿಂತು, ಹೆಂಗಸಿನ ಬಾಯಲ್ಲಿ ಆ ಮಾತನ್ನು ಕೂಗಿದಳು. "ಯೂಲಾ!"

ಹಗ್ಗ ಒಂದೇ ಏಟಿಗೆ ಹಿಂದಕ್ಕೆ ಹೋಯಿತು. ಕೇಳುವಾತ ಎದ್ದು ನಿಂತು ಏನೋ ಕಿರುಚಿದ. ಯಾರೂ ತಿರುಗಲಿಲ್ಲ. ರಾಟೆ ಕಿರಗುಟ್ಟಿತು, ಹಗ್ಗ ಅಂಗೈ ಸಿಗಿಯಿತು, ಆರು ಹೆಂಗಸರು ಹಿಂದು ಹಿಂದಕ್ಕೆ ಓಡಿದರು. ಎದೆಯವರೆಗೆ ಮರಳಿನ ಗುರುತು ಹೊತ್ತ ಒಂದು ದೇಹ ಅಂಚಿಗೆ ಬಂದು ಬಿತ್ತು. ಅದರ ಹಿಂದೆಯೇ ಬಾವಿ ಒಳಗೊಳಗೇ ಕುಸಿದು, ಒಂದು ದೊಡ್ಡ ನಿಟ್ಟುಸಿರು ಬಿಟ್ಟು, ಅರ್ಧ ತುಂಬಿಕೊಂಡಿತು. ಗಂಡ ಮರಳು ಉಗುಳಿ ಉಸಿರೆಳೆದುಕೊಂಡ. ಹಗ್ಗದವಳು ಅಲ್ಲೇ ಕುಸಿದು ಕೂತು, ಯಾರಿದ್ದಾರೆ ಯಾರಿಲ್ಲ ನೋಡದೆ, ಗೊಳೋ ಎಂದು ಅತ್ತಳು.

ಹೊತ್ತು ಇಳಿಯುವ ಮೊದಲೇ ಹಿರಿಯರು ಸೇರಿದರು. ಐದು ಜನ ಐದು ಕಲ್ಲಿನ ಮೇಲೆ, ನಡುವೆ ದೊಡ್ಡ ಹಿರಿಯ. ಅವನು ದುಷ್ಟನಲ್ಲ. ಸಮಾಧಾನದ ಮನುಷ್ಯ, ಯಾರನ್ನೂ ಹೊಳೆ ದಾಟಿಸುವುದು ಅವನಿಗೆ ಇಷ್ಟವಿಲ್ಲದ ಕೆಲಸ. ಎಲ್ಲವನ್ನೂ ಕೇಳಿ, ಗಡ್ಡ ನೀವಿಕೊಂಡು, ಅವನು ಒಂದು ದಾರಿ ಹುಡುಕಿದ.

"ನೋಡ್ರಪ್ಪ," ಎಂದ. "ಕೊಡದ ಮಾತು ಕೇಳಿಸದು. ಕೇಳಿಸಲಿಲ್ಲ ಅಂದ್ಮೇಲೆ ಯಾರೂ ಕೂಗಲಿಲ್ಲ. ಕೂಗಲಿಲ್ಲ ಅಂದ್ಮೇಲೆ ಯಾರೂ ಕಲಿಸಲಿಲ್ಲ. ಹಗ್ಗ ತಾನಾಗೇ ಅಲುಗಿತು, ಹೆಂಗಸ್ರು ಹೆದರಿ ಎಳೆದ್ರು. ಆಯ್ತಾ? ಒಬ್ಬೊಬ್ರನ್ನೇ ಕೇಳ್ತೀನಿ. ಎಲ್ರೂ ಇಲ್ಲ ಅಂದ್ರೆ ಎದ್ದು ಮನೆಗೆ ಹೋಗೋಣ."

ಕೇಳುವಾತನನ್ನು ಮೊದಲು ಕೇಳಿದ. "ನಿಂಗೆ ಏನಾದ್ರೂ ಕೇಳಿಸ್ತಾ?"

"ಇಲ್ಲ," ಎಂದ ಕೇಳುವಾತ, ನೆಲ ನೋಡುತ್ತಾ.

"ನಿಂಗಜ್ಜಿ?"

"ನಂಗೆ ವಯಸ್ಸಾಯ್ತಪ್ಪ," ಎಂದಳು ಮುದುಕಿ. "ಯಾವ ಮಾತು ಯಾವತ್ತು ಕೇಳಿಸ್ತೋ, ಯಾವತ್ತು ಕೇಳಿಸಲಿಲ್ವೋ, ನೆನಪಿಲ್ಲ."

ದೊಡ್ಡ ಹಿರಿಯ ಅದನ್ನೇ ಇಲ್ಲ ಎಂದು ತೆಗೆದುಕೊಂಡ. ಎರಡನೆಯವಳು ಇಲ್ಲ ಎಂದಳು. ಹಗ್ಗದವಳನ್ನು ಬೇಕೆಂದೇ ಬಿಟ್ಟು, ಕೊನೆಗೆ ಕೇಳಿದರಾಯಿತು ಎಂದು ಮುಂದಕ್ಕೆ ಹೋದ. ನಾಲ್ಕನೆಯವಳೂ ಐದನೆಯವಳೂ ಇಲ್ಲ ಎಂದರು. ಆರನೆಯವಳು ಎಲ್ಲರಿಗಿಂತ ಕಿರಿಯಳು; ಹಗ್ಗಕ್ಕೆ ಬಂದು ನಾಲ್ಕು ವರ್ಷವಾಗಿದ್ದರೂ ಮದುವೆಯಾಗಿ ಒಂದು ವರ್ಷ ತುಂಬಿರಲಿಲ್ಲ. ಬರುವ ಸೋಮವಾರ ಅವಳ ಗಂಡನ ಹಣೆಗೆ ಹಸಿಮಣ್ಣು ಹಚ್ಚುವುದೆಂದು ನಿಶ್ಚಯವಾಗಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಇಲ್ಲ," ಎಂದಳು ಕೊನೆಗೆ. ಎಂದವಳೇ ಹಗ್ಗದವಳ ಮುಖ ನೋಡಿದಳು.

ಈಗ ಹಗ್ಗದವಳ ಸರದಿ. ಗಂಡ ಬದುಕಿದ್ದ, ಅಗೋ ಅಲ್ಲಿ ಕಂಬಳಿ ಹೊದ್ದು ಕೂತಿದ್ದ. ಇಲ್ಲ ಎಂದರೆ ಮನೆಗೆ ಹೋಗಿ ಅವನಿಗೆ ಬಿಸಿನೀರು ಕಾಯಿಸಬಹುದಿತ್ತು. ಎರಡಕ್ಷರದ ಕೆಲಸ. ಆದರೆ ಆ ಎರಡಕ್ಷರ ಆಡಿದರೆ ಇವತ್ತು ಯಾರೂ ಕೂಗಿಯೇ ಇಲ್ಲ ಎಂದಾಗುತ್ತದೆ. ಮುದುಕಿಯ ಮಗನೂ ಕೂಗಲಿಲ್ಲ ಎಂದಾಗುತ್ತದೆ. ಸೋಮವಾರ ಇಳಿಯುವವನು ಮೂರು ಪದ ಕಟ್ಟಿಕೊಂಡು ಇಳಿಯುತ್ತಾನೆ. ಅವನು ಮರಳಿನಲ್ಲಿ ಹೂತಾಗ ಈ ಹುಡುಗಿ ಖಾಲಿ ಬುಟ್ಟಿ ಎಳೆಯುತ್ತಾಳೆ, ಮುಖ ಕದಲಿಸದೆ. ಹಗ್ಗದವಳಿಗೆ ಹೆದರಿಕೆ ಇನ್ನೂ ಇತ್ತು. ಎಷ್ಟೋ ವರ್ಷದ ಹೆದರಿಕೆ, ಒಂದು ದಿನದಲ್ಲಿ ಹೋಗುವಂಥದ್ದಲ್ಲ.

"ನಿಂಗೆ ಕೇಳಿಸ್ತೇನಮ್ಮ?" ಎಂದ ದೊಡ್ಡ ಹಿರಿಯ. ಇಲ್ಲ ಅನ್ನು ತಾಯಿ ಎಂದು ಅವನ ಕಣ್ಣು ಬೇಡುತ್ತಿತ್ತು.

"ಕೇಳಿಸಿತು," ಎಂದಳು ಹಗ್ಗದವಳು. "ನಾನೇ ಕಲಿಸಿದ್ದು."

ಗಂಡ ಎದ್ದು ನಿಂತ. ಕೂಡಿದ್ದವರೆಲ್ಲ ಒಮ್ಮೆಗೇ ಮಾತಾಡತೊಡಗಿದರು. ಎಲ್ಲಾ ಕೆಟ್ಟಿತು ಎಂಬಂತೆ ದೊಡ್ಡ ಹಿರಿಯ ಹಣೆ ಒತ್ತಿಕೊಂಡ. ಆದರೆ ಬಾಯಿಂದ ಬಂದದ್ದನ್ನು ಒಳಗೆ ಹಾಕುವುದಕ್ಕಾಗುವುದಿಲ್ಲ. ಐವರೂ ತಲೆ ಸೇರಿಸಿ ಮಾತಾಡಿದರು. ಗಂಡಹೆಂಡಿರು ಹೊಳೆ ದಾಟುವುದು. ದಾಟುವ ಮೊದಲು, ಹಳೆಯ ಕಟ್ಟಳೆಯ ಪ್ರಕಾರ, ಮಾತು ಹಿಂದಿರುಗಿಸುವುದು.

ಈ ಶಾಸ್ತ್ರವನ್ನು ಕಂಡವರು ಕೇರಿಯಲ್ಲಿ ನಾಲ್ಕೋ ಐದೋ ಮುದುಕರು. ಕೊಡದೆ ಪಡೆದ ಮಾತನ್ನು ಹೊಳೆಯ ದಂಡೆಯಲ್ಲಿ ನಿಂತು, ಗಟ್ಟಿಯಾಗಿ, ಅದರ ಅರ್ಥದ ಸಮೇತ ಹೇಳಿ ಕೇರಿಗೆ ವಾಪಸು ಕೊಡಬೇಕು. ತೊಟ್ಟಿಲ ಕೂಸಿನಿಂದ ಹಾಸಿಗೆ ಹಿಡಿದವರವರೆಗೆ ಕೇರಿಯ ಪ್ರತಿಯೊಬ್ಬರೂ ಅಲ್ಲಿರಬೇಕು. ಹೇಳಿದ್ದನ್ನು ಕೇಳಿ ಎಲ್ಲರೂ "ಬಂತು" ಎನ್ನಬೇಕು. ಒಬ್ಬರು ಅನ್ನದಿದ್ದರೂ ಮಾತು ಕಳ್ಳರಲ್ಲೇ ಉಳಿಯಿತು ಎಂದು ಅರ್ಥ, ಮತ್ತೆ ಹೇಳಬೇಕು. ಶುರು ಮಾಡಿದ ಮೇಲೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ಹಿಂದೆಲ್ಲ ಬಿಂದಿಗೆ ತುಳುಕಿಸಿದ ಯಾರೋ ಒಬ್ಬಿಬ್ಬರು ಬಂದು, ತಮಗೆ ತಿಳಿದಿದ್ದ ಒಂದು ಪದವನ್ನು ಅಳುತ್ತಾ ಹೇಳಿ ಹೋಗಿದ್ದರಂತೆ. ನೀರು ಕುಡಿಯುವಷ್ಟು ಹೊತ್ತಿನ ಕೆಲಸ.

ಮರುದಿನ ಬೆಳಿಗ್ಗೆ ಇಡೀ ಕೇರಿ ದಂಡೆಯಲ್ಲಿ ನೆರೆಯಿತು. ಹಗ್ಗದವಳು ಮೊಣಕಾಲುದ್ದ ನೀರಿನಲ್ಲಿ ನಿಂತಳು. ಗಂಡ ಗಂಟು ಹೊತ್ತು ಪಕ್ಕದಲ್ಲಿದ್ದ.

"ಎಷ್ಟು ಮಾತಮ್ಮ?" ಎಂದ ದೊಡ್ಡ ಹಿರಿಯ, ಬೇಗ ಮುಗಿಸುವ ಆತುರದಲ್ಲಿ.

"ನಲವತ್ತು."

ಕೇಳುವಾತ ದೊಡ್ಡ ಹಿರಿಯನ ಕಡೆ ತಿರುಗಿ ಏನೋ ಹೇಳಲು ಹೊರಟ. ಅಷ್ಟರಲ್ಲಿ ಅವಳು ಶುರು ಮಾಡಿಬಿಟ್ಟಿದ್ದಳು.

"ಗೂವಾ. ಬುಟ್ಟಿ ಇಳಿಸಿ ಅಂತ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಕಟ್ಟಳೆ ಕಟ್ಟಳೆಯೇ ತಾನೆ, "ಬಂತು" ಎಂದರು.

"ಈಮಾ. ಬುಟ್ಟಿ ಎಳೆಯಿರಿ ಅಂತ. ಬುಟ್ಟಿ ಮಾತ್ರ."

"ಬಂತು."

ಹಗ್ಗದವಳು ಅವಸರ ಮಾಡಲಿಲ್ಲ. ಒಂದೊಂದು ಪದವನ್ನೂ ಬಾವಿಯೊಳಗಿಂದ ಕೂಗಬೇಕಾದ ಹಾಗೇ ಎಳೆದು ಹೇಳಿದಳು. ಬಂಡೆಯ ಪದ, ಸೆಲೆಯ ಪದ, ಕೆಟ್ಟ ಗಾಳಿಯ ಪದ, ಕೈ ಮುರಿದವನ ಪದ. ಅವಳ ಧ್ವನಿ ಮೊದಲು ನಡುಗುತ್ತಿತ್ತು, ನಡುಗುವುದು ಕೊನೆಯವರೆಗೂ ಪೂರ್ತಿ ನಿಲ್ಲಲಿಲ್ಲ. ಬಿಸಿಲೇರಿತು. ಮಕ್ಕಳು "ಬಂತು" ಎಂದು ಕೂಗುವುದನ್ನು ಆಟ ಮಾಡಿಕೊಂಡವು. ಇಪ್ಪತ್ತನೆಯ ಪದದ ಹೊತ್ತಿಗೆ ದೊಡ್ಡ ಹಿರಿಯನಿಗೆ ತಾನು ಮಾಡಿಕೊಂಡದ್ದು ಏನೆಂದು ಹೊಳೆಯಿತು. ಕಲ್ಲಿನಿಂದ ಏಳಲು ಹೋದ. ಪಕ್ಕದ ಹಿರಿಯ ಅವನ ತೋಳು ಹಿಡಿದ. ನಿಲ್ಲಿಸಿದರೆ ನಲವತ್ತೂ ಅವಳೊಂದಿಗೇ ಹೊಳೆಯಾಚೆ ಹೋಗುತ್ತವೆ, ಊರೂರು ಅಲೆಯುತ್ತವೆ. ಕೂತರೆ ಕೇರಿ ತುಂಬ ಹರಡುತ್ತವೆ. ಅವನು ಅರ್ಧ ಎದ್ದ ಭಂಗಿಯಲ್ಲೇ ಸ್ವಲ್ಪ ಹೊತ್ತಿದ್ದು, ಕೂತ.

ಮೂವತ್ತೊಂಬತ್ತು ಮುಗಿಯಿತು. ಹಗ್ಗದವಳು ಬೊಗಸೆಯಲ್ಲಿ ಹೊಳೆಯ ನೀರೆತ್ತಿ ಕುಡಿದಳು. ಯಾರ ಬಾವಿಯದೂ ಅಲ್ಲದ ನೀರನ್ನು ಅವಳು ಕುಡಿದದ್ದು ಹುಟ್ಟಿದ ಮೇಲೆ ಅದೇ ಮೊದಲು.

"ಯೂಲಾ," ಎಂದಳು. "ಮಣ್ಣು ಕುಸೀತಿದೆ, ನನ್ನನ್ನ ಮೇಲಕ್ಕೆ ಎಳೆಯಿರಿ ಅಂತ."

"ಬಂತು," ಎಂದಿತು ಕೇರಿ. ಮುದುಕಿ ಎಲ್ಲರಿಗಿಂತ ತಡವಾಗಿ, ಒಬ್ಬಳೇ, "ಬಂತು" ಎಂದಳು.

ದೊಡ್ಡ ಹಿರಿಯ ಉಸಿರು ಬಿಟ್ಟು, ಮುಗಿಯಿತು ಎಂದು ಹೇಳಲು ಕೈ ಎತ್ತಿದ. ಆಗ ಹೆಂಗಸರ ಸಾಲಿನ ತುದಿಯಿಂದ ಆ ಕಿರಿಯಳು ಮುಂದೆ ಬಂದಳು. ಗಂಡನ ಮುಂಗೈ ಹಿಡಿದು, ಅವನನ್ನೂ ಎಳೆದುಕೊಂಡು, ನೀರಿನ ಅಂಚಿನವರೆಗೆ ಬಂದು ನಿಂತಳು. ಅವಳ ಮುಖದಲ್ಲಿ ಹೆದರಿಕೆ ಎಲ್ಲರಿಗೂ ಕಾಣುವಂತಿತ್ತು.

"ನಮ್ಮಿಬ್ರಿಗೂ ಬರಲಿಲ್ಲ ಅಕ್ಕ," ಎಂದಳು. "ಇನ್ನೊಂದು ಸಲ ಹೇಳು. ನಿಧಾನಕ್ಕೆ."